ಉಯಿಲು ನಿಲ್ಲುವುದು ಸಾಕ್ಷಿಗಳ ಮೇಲೆ, ಛಾಪಾ ಕಾಗದದ ಮೇಲಲ್ಲ

ನಮಸ್ಕಾರ. ಉಯಿಲು ಬರೆಸಲು ಹೊರಟವರು ಮೊದಲು ವಿಚಾರಿಸುವುದು ಛಾಪಾ ಕಾಗದವನ್ನು, ಆಮೇಲೆ ನೋಂದಣಿಯನ್ನು. ಭಾರತದ ಕಾನೂನು ಇವೆರಡನ್ನೂ ಕಡ್ಡಾಯಗೊಳಿಸಿಲ್ಲ. ಬಿಳಿ ಹಾಳೆಯ ಮೇಲೆ ಕೈಯಲ್ಲೇ ಬರೆದ ಉಯಿಲೂ ಊರ್ಜಿತವಾಗಬಲ್ಲದು. 1908ರ ನೋಂದಣಿ ಕಾಯ್ದೆಯ 18ನೇ ಕಲಮು ಅದರ ನೋಂದಣಿಯನ್ನು ಐಚ್ಛಿಕವೆಂದೇ ಹೇಳುತ್ತದೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯುವವರು ಅಪ್ರಾಪ್ತರಾಗಿರಬಾರದು, ಸ್ವಸ್ಥಚಿತ್ತರಾಗಿರಬೇಕು. ಮೋಸ ಅಥವಾ ಬಲವಂತದಿಂದ ಬರೆಸಿಕೊಂಡದ್ದು ಅಸಿಂಧು. ಇಷ್ಟು ಬಹುತೇಕರಿಗೆ ಗೊತ್ತು.

ಎಡವುವುದು 63ನೇ ಕಲಮಿನಲ್ಲಿ. ಬರೆದವರು ಸಹಿ ಹಾಕಬೇಕು ಅಥವಾ ಹೆಬ್ಬೆಟ್ಟು ಒತ್ತಬೇಕು. ಅದಾಗದಿದ್ದರೆ ಅವರ ಸಮ್ಮುಖದಲ್ಲಿ, ಅವರ ಸೂಚನೆಯಂತೆ ಬೇರೊಬ್ಬರು ಸಹಿ ಮಾಡಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳಲ್ಲಿ ಪ್ರತಿಯೊಬ್ಬರೂ ಆ ಸಹಿಯನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಬರೆದವರ ಬಾಯಿಂದಲೇ ಕೇಳಿರಬೇಕು, ಮತ್ತು ಬರೆದವರ ಎದುರಿನಲ್ಲೇ ತಮ್ಮ ಸಹಿ ಹಾಕಬೇಕು. ಸಾಕ್ಷಿಗಳಿಬ್ಬರೂ ಒಂದೇ ಹೊತ್ತಿಗೆ ಜೊತೆಯಲ್ಲಿರಬೇಕೆಂಬ ನಿಯಮವಿಲ್ಲ. ಆದರೆ ಕಾಗದವನ್ನು ಮಗನ ಕೈಗೆ ಕೊಟ್ಟು ಪರಿಚಿತರ ಮನೆಗಳಿಂದ ಸಹಿ ತರಿಸಿದರೆ ಅದು ಕಾನೂನಿನ ಕಣ್ಣಿನಲ್ಲಿ ಸಾಕ್ಷಿಯೇ ಅಲ್ಲ.

ಈ ನಿಯಮಗಳು ಮುಸ್ಲಿಮರಿಗೆ ಅನ್ವಯಿಸುವುದಿಲ್ಲ. ಅವರ ವೈಯಕ್ತಿಕ ಕಾನೂನಿನಲ್ಲಿ ಬಾಯಿಮಾತಿನ ಉಯಿಲಿಗೂ ಮಾನ್ಯತೆಯಿದೆ, ಆದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡುವಂತಿಲ್ಲ.

ಆಸ್ತಿ ಪಡೆಯುವವರೇ ಸಾಕ್ಷಿಯಾಗಬಹುದೇ? ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿಗೋ ಸಾಕ್ಷಿಯ ಪತಿ ಅಥವಾ ಪತ್ನಿಗೋ ಬರೆದ ಪಾಲು 67ನೇ ಕಲಮಿನಂತೆ ರದ್ದಾಗುತ್ತದೆ. ಹಿಂದೂಗಳಿಗೆ ಆ ಕಲಮು ಅನ್ವಯಿಸದಿದ್ದರೂ, ಹಾಗೆ ಮಾಡುವುದು ಜಾಣತನವಲ್ಲ. ಮೈಸೂರು ಸೀಮೆಯಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದಂತೆ, ಉಯಿಲು ಬರೆಸುವಲ್ಲಿ ಮುಂದೆ ನಿಂತವರೇ ಅದರಿಂದ ದೊಡ್ಡ ಲಾಭ ಪಡೆದಿದ್ದರೆ ಅದು ಸಂಶಯಕ್ಕೆ ಎಡೆಮಾಡುತ್ತದೆ. ಆ ಸಂಶಯ ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದು. ನೋಂದಣಿಯ ಮೊಹರು ಇದ್ದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ.

ಗೌರವಕ್ಕೆಂದು ಊರಿನ ಹಿರಿಯರಿಬ್ಬರನ್ನೇ ಸಾಕ್ಷಿಗೆ ಕರೆಯುವುದುಂಟು. ಆದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ಬದುಕಿದ್ದು ಹೇಳಿಕೆ ನೀಡಬಲ್ಲ ಸಾಕ್ಷಿಯಿದ್ದಾಗ ಕನಿಷ್ಠ ಒಬ್ಬರನ್ನಾದರೂ ನ್ಯಾಯಾಲಯಕ್ಕೆ ಕರೆಸಲೇಬೇಕು. ಹಾಗಾಗಿ ತಮಗಿಂತ ಕಿರಿಯರಾದ, ಸುಲಭವಾಗಿ ಸಿಗುವ ಇಬ್ಬರನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮುಂದೆ ಒಂದು ಸಾಲು ಹೊಡೆದುಹಾಕಿ ಬೇರೆ ಬರೆಯಬೇಕೆನಿಸಿದರೆ, ಆ ತಿದ್ದುಪಡಿಗೂ ತಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು.