ಮರ ಬೆಳೆಯುವ ಬಗೆ, ಹಲಗೆ ಒಣಗುವ ಬಗೆ

ಕೇಳುಗರಿಗೆ ನಮಸ್ಕಾರ.

ಎಳೆಯ ಮರವೊಂದಕ್ಕೆ ಎದೆಮಟ್ಟದಲ್ಲಿ ಮೊಳೆ ಹೊಡೆದು, ಇಪ್ಪತ್ತು ವರ್ಷಗಳ ನಂತರ ಬಂದು ನೋಡಿದರೆ ಅದು ಎಲ್ಲಿರುತ್ತದೆ? ಮರದ ಜೊತೆಗೆ ಮೇಲೇರಿರಬೇಕೆಂದು ಹಲವರು ಊಹಿಸುತ್ತಾರೆ; ಆದರೆ ಮೊಳೆ ಹೊಡೆದ ಮಟ್ಟದಲ್ಲೇ ಇರುತ್ತದೆ, ಬಹುಶಃ ಕಾಂಡದೊಳಗೆ ಹುದುಗಿಹೋಗಿರುತ್ತದೆ. ಮರ ಎತ್ತರವಾಗುವುದು ತುದಿಯ ಕುಡಿಗಳಲ್ಲಿ ಮಾತ್ರ. ಅದು ದಪ್ಪವಾಗುವುದು ಕ್ಯಾಂಬಿಯಂ ಎಂಬ, ತೊಗಟೆಯ ಒಳಮೈಗೆ ಹೊಂದಿಕೊಂಡಿರುವ ಅತಿ ತೆಳುವಾದ ಪದರದಿಂದ. ಈ ಪದರ ಒಳಮುಖವಾಗಿ ಮರವನ್ನೂ ಹೊರಮುಖವಾಗಿ ತೊಗಟೆಯ ಅಂಗಾಂಶವನ್ನೂ ಕಟ್ಟುತ್ತಾ ಹೋಗುತ್ತದೆ.

ಋತುಗಳ ವ್ಯತ್ಯಾಸ ಎದ್ದುಕಾಣುವ ಕಡೆಗಳಲ್ಲಿ ಈ ಬೆಳವಣಿಗೆ ವರ್ಷಕ್ಕೊಂದು ಉಂಗುರವಾಗಿ ಉಳಿಯುತ್ತದೆ. ನೀರಿಲ್ಲದ ವರ್ಷದ ಉಂಗುರ ಸಾಮಾನ್ಯವಾಗಿ ಕಿರಿದು. ಹಳೆಯ ಉಂಗುರಗಳು ಕಾಲಕ್ರಮೇಣ ನೀರು ಸಾಗಿಸುವುದನ್ನು ನಿಲ್ಲಿಸುತ್ತವೆ, ಹಲವು ಜಾತಿಗಳಲ್ಲಿ ಬಣ್ಣ ಗಾಢವಾಗಿ ಚೇಗಾಗುತ್ತವೆ. ಗೆದ್ದಲು, ಶಿಲೀಂಧ್ರಗಳನ್ನು ತಡೆಯುವ ಶಕ್ತಿ ಇರುವುದು ಈ ಚೇಗಿನಲ್ಲಿಯೇ, ಅದೂ ಎಲ್ಲ ಜಾತಿಗಳಲ್ಲಿ ಒಂದೇ ಸಮನಾಗಿಲ್ಲ. ಹೊರಗಿನ ಬಿಳಿಯ ಭಾಗವಂತೂ ಯಾವ ಮರದ್ದಾದರೂ ಬೇಗ ಹುಳು ಹಿಡಿಯುವಂಥದ್ದೇ.

ಮರ ಕಡಿದೊಡನೆ ನಾಟಾ ಸಿದ್ಧವಾಯಿತೆಂದು ತಿಳಿಯುವುದು ದೊಡ್ಡ ತಪ್ಪು, ಮತ್ತು ಈ ತಪ್ಪಿನಿಂದ ಹಾಳಾಗುವ ಮರವನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕೆಲವು ಜಾತಿಯ ಹಸಿಮರದಲ್ಲಿ ಒಣತೂಕಕ್ಕಿಂತಲೂ ಹೆಚ್ಚು ನೀರಿರುತ್ತದೆ. ಮೊದಲು ಹೊರಹೋಗುವುದು ಕೋಶಗಳ ಪೊಳ್ಳಿನೊಳಗಿನ ನೀರು. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಒಣತೂಕದ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದ ಮೇಲೆ ಕೋಶಗಳ ಗೋಡೆಯಿಂದಲೇ ನೀರು ಬಿಡತೊಡಗುತ್ತದೆ, ಕುಗ್ಗುವಿಕೆ ಆರಂಭವಾಗುತ್ತದೆ. ಉದ್ದಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಉಂಗುರಗಳ ಸುತ್ತಳತೆಯ ದಿಕ್ಕಿನಲ್ಲಿ ಮಾತ್ರ, ತಿರುಳಿನಿಂದ ತೊಗಟೆಯತ್ತ ಸಾಗುವ ದಿಕ್ಕಿಗಿಂತ ಸುಮಾರು ಇಮ್ಮಡಿ. ದುಂಡು ದಿಮ್ಮಿಯಲ್ಲಿ ತೊಗಟೆಯ ಕಡೆ ಅಗಲವಾಗಿ, ತಿರುಳಿನ ಕಡೆ ಕಿರಿದಾಗಿ ಬಿರುಕು ಬಾಯಿಬಿಡುವುದು ಈ ಕಾರಣಕ್ಕೆ. ಹಸಿ ಹಲಗೆಯಿಂದ ಮಾಡಿದ ಬಾಗಿಲು ಸೊಟ್ಟಗಾಗುವುದೂ ಇದರಿಂದಲೇ.

ಜಗತ್ತಿನ ಕಾಡುಗಳಿಂದ ತೆಗೆಯುವ ಮರದಲ್ಲಿ ಸುಮಾರು ಅರ್ಧದಷ್ಟು ಉರುವಲಾಗಿಯೇ ಹೋಗುತ್ತದೆ. ಅಲ್ಲಿಯೂ ಇದೇ ಮಾತು: ಹಸಿ ಸೌದೆಯ ಕಾವಿನಲ್ಲಿ ಒಂದು ಪಾಲು ಅದರೊಳಗಿನ ನೀರನ್ನೇ ಆವಿಯಾಗಿಸಲು ವ್ಯಯವಾಗುತ್ತದೆ, ಅದೇ ಅಡುಗೆಗೆ ಹೆಚ್ಚು ಮರ ಬೇಕಾಗುತ್ತದೆ, ಹೊಗೆ ಬೇರೆ. ಕಾಡು ಉಳಿಸುವ ಮಾತನಾಡುವಾಗ ನಾವು ಸಸಿ ನೆಡುವುದನ್ನು ಮಾತ್ರ ನೆನೆಯುತ್ತೇವೆ. ಕಡಿದ ಮರವನ್ನು ಒಣಗಿಸಿ ಬಳಸುವುದೂ ಅಷ್ಟೇ ಮುಖ್ಯವೆಂದು ನಾನು ನಂಬಿದ್ದೇನೆ.

ಅದಕ್ಕೆ ಬೇಕಾದದ್ದು ನೆರಳು, ಗಾಳಿ ಮತ್ತು ಸಹನೆ. ನೆಲಕ್ಕೆ ತಾಗದಂತೆ ಹಲಗೆಗಳನ್ನು ಅಟ್ಟಿಯಾಗಿ ಜೋಡಿಸಿ, ಪ್ರತಿ ಎರಡು ಹಲಗೆಗಳ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಬೇಕು. ಕೊಯ್ದ ತುದಿಗಳಿಂದ ನೀರು ಬಹಳ ಬೇಗ ಹೊರಡುವುದರಿಂದ, ಅಲ್ಲಿ ಬಿರುಕು ಬಿಡದಂತೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯಬೇಕು. ಆಗಾಗ ಒಂದೇ ಹಲಗೆಯನ್ನು ತೆಗೆದು ತೂಗಿ ನೋಡುತ್ತಿರಿ; ಅದರ ತೂಕ ಇಳಿಯುವುದು ನಿಂತಿತೆಂದರೆ, ಆ ಮರ ತಾನಿರುವ ಗಾಳಿಯ ತೇವಕ್ಕೆ ಹೊಂದಿಕೊಂಡಿತೆಂದು ತಿಳಿದು ಉಳಿ ಕೈಗೆತ್ತಿಕೊಳ್ಳಬಹುದು.

ನಮಸ್ಕಾರ.