ಗಡಿಯಾರ ಯಾರ ಕೈಯಲ್ಲಿರಬೇಕು?

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ಪಂದ್ಯ 90 ನಿಮಿಷದ್ದು ಅಂತ ನಾವೆಲ್ಲ ಹೇಳುತ್ತೇವೆ. ಆದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲೂ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 55ರಿಂದ 58 ನಿಮಿಷ. ಮಿಕ್ಕ ಹೊತ್ತು ಥ್ರೋ-ಇನ್, ಗೋಲ್ ಕಿಕ್, ಫ್ರೀ ಕಿಕ್ಕಿನ ತಯಾರಿ, ಬದಲಿ ಆಟಗಾರರು, ನೆಲಕ್ಕೆ ಬಿದ್ದವರ ಆರೈಕೆ, ಇಷ್ಟರಲ್ಲೇ ಕಳೆಯುತ್ತದೆ. ಆಟ ಅಂದಮೇಲೆ ಇದರಲ್ಲಿ ಒಂದಷ್ಟು ಇದ್ದದ್ದೇ. ಇನ್ನೊಂದಷ್ಟು ಮಾತ್ರ ಒಂದು ಗೋಲು ಮುಂದಿರುವ ತಂಡ ಬೇಕಂತಲೇ ನುಂಗುವ ಹೊತ್ತು. ಹಾಗೆ ನುಂಗಿದರೂ ದಕ್ಕುವುದು ಯಾಕೆ ಅನ್ನುವುದು ಇವತ್ತಿನ ವಿಷಯ.

ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲುವುದನ್ನೇ ನೋಡಿ. 2000ದಿಂದ ಆರು ಸೆಕೆಂಡಿನ ಮಿತಿ ಇತ್ತು. ಮೀರಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲಿಗೆ ಹೊಡೆದರೆ ಲೆಕ್ಕವಿಲ್ಲ, ಇನ್ನೊಬ್ಬರಿಗೆ ತಾಗಬೇಕು), ಅದೂ ಪೆನಾಲ್ಟಿ ಬಾಕ್ಸ್ ಒಳಗಿಂದ. ಹನ್ನೊಂದೂ ಜನ ಗೋಲ್‌ಗೆರೆ ಮೇಲೆ ಸಾಲಾಗಿ ನಿಲ್ಲಬೇಕು, ನೂಕುನುಗ್ಗಲು, ವಾದ, ಅಲ್ಲೇ ಮತ್ತೆ ಎರಡು ನಿಮಿಷ ಹೋಯಿತು. ನಾಲ್ಕು ಸೆಕೆಂಡ್ ಹೆಚ್ಚು ಹಿಡಿದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಕೊಡಲು ಯಾವ ರೆಫರಿಗೂ ಮನಸ್ಸು ಬರುತ್ತಿರಲಿಲ್ಲ. ನಿಯಮ ಪುಸ್ತಕದಲ್ಲೇ ಉಳಿಯಿತು. ಕೀಪರ್‌ಗಳು ಹತ್ತು, ಹದಿನೈದು ಸೆಕೆಂಡ್ ಆರಾಮವಾಗಿ ಹಿಡಿದರು.

ನಿಯಮ ರೂಪಿಸುವ ಮಂಡಳಿ ಐಫ್ಯಾಬ್ 2025ರಲ್ಲಿ ಇದನ್ನು ತಿದ್ದಿತು. ಮಿತಿಯನ್ನು ಎಂಟು ಸೆಕೆಂಡಿಗೆ ಏರಿಸಿ, ಶಿಕ್ಷೆಯನ್ನು ಕಾರ್ನರ್ ಕಿಕ್ಕಿಗೆ ಇಳಿಸಿತು. ಕೊನೆಯ ಐದು ಸೆಕೆಂಡುಗಳನ್ನು ರೆಫರಿ ಕೈಯೆತ್ತಿ ಬೆರಳಲ್ಲಿ ಎಣಿಸುತ್ತಾರೆ. ಮಿತಿ ಸಡಿಲವಾಯಿತು, ಶಿಕ್ಷೆ ಹಗುರವಾಯಿತು, ನಿಯಮ ಬಿಗಿಯಾಯಿತು. ವಿಚಿತ್ರ ಅನ್ನಿಸಬಹುದು. ಆದರೆ ರೆಫರಿ ಅಳುಕದೆ ಕೊಡಬಲ್ಲ ಶಿಕ್ಷೆ, ಎಲ್ಲರ ಕಣ್ಣಿಗೂ ಕಾಣುವ ಎಣಿಕೆ, ಈ ಎರಡೂ ಇಲ್ಲದ ನಿಯಮ ಮೈದಾನದಲ್ಲಿ ಬಾಳುವುದಿಲ್ಲ. ಥ್ರೋ-ಇನ್ ಮತ್ತು ಗೋಲ್ ಕಿಕ್ಕಿಗೂ ಇದೇ ಎಣಿಕೆ ತರುವ ವಿಚಾರ ಆಮೇಲೆ ಐಫ್ಯಾಬ್ ಮುಂದೆ ಬಂತು. ಥ್ರೋ-ಇನ್ ತಡವಾದರೆ ಚೆಂಡು ಎದುರಾಳಿಗೆ, ಗೋಲ್ ಕಿಕ್ ತಡವಾದರೆ ಕಾರ್ನರ್. ಹಳದಿ ಕಾರ್ಡಿಗಿಂತ ಇದು ಚುರುಕಾಗಿ ಮುಟ್ಟುತ್ತದೆ. 88ನೇ ನಿಮಿಷದಲ್ಲಿ ಹಳದಿ ಕಾರ್ಡ್ ಕಂಡು ಹೆದರುವ ಕೀಪರ್ ಯಾರಿದ್ದಾರೆ?

ಇನ್ನು ಗಡಿಯಾರ. ಒಂದೊಂದು ಅವಧಿ 30 ನಿಮಿಷ, ಚೆಂಡು ನಿಂತಾಗಲೆಲ್ಲ ಗಡಿಯಾರವೂ ನಿಲ್ಲಲಿ ಅನ್ನುವ ಸಲಹೆಯನ್ನು ಐಫ್ಯಾಬ್ 2017ರಲ್ಲೇ ಚರ್ಚೆಗಿಟ್ಟಿತ್ತು. ಐದೈದು ಜನ ಸಣ್ಣ ಅಂಗಳದಲ್ಲಿ ಆಡುವ ಫುಟ್ಸಾಲ್‌ನಲ್ಲಿ 20 ನಿಮಿಷದ ಎರಡು ಅವಧಿ ಹೀಗೇ ನಡೆಯುತ್ತವೆ, ಅಲ್ಲಿ ಅದಕ್ಕೆಂದೇ ಟೈಮ್‌ಕೀಪರ್ ಇರುತ್ತಾರೆ. ದೊಡ್ಡ ಮೈದಾನಕ್ಕೆ ಇದನ್ನು ಇದ್ದ ಹಾಗೇ ತಂದರೆ ಎರಡು ತೊಡಕು. ಗಡಿಯಾರ ನಿಂತಿದೆ ಅಂತ ಗೊತ್ತಾದರೆ ಥ್ರೋ-ಇನ್‌ಗೆ ಯಾರೂ ಅವಸರ ಮಾಡುವುದಿಲ್ಲ. ದಣಿದ ತಂಡಕ್ಕೆ ಪ್ರತಿ ಸಲವೂ ಪುಕ್ಕಟೆ ವಿರಾಮ. ಜೊತೆಗೆ ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಹೇಳಲಾಗದು, ನಡುವಿನ ಬಿಡುವಿನ ಮೇಲೆ ಜಾಹೀರಾತಿನವರ ಕಣ್ಣು ಬೀಳುತ್ತದೆ.

ನನಗೆ ಸರಿಯೆನಿಸುವುದು ಮಧ್ಯದ ದಾರಿ. ಬದಲಿ ಆಟಗಾರರು, ಗಾಯ, ಕಾರ್ಡ್, ಗೋಲಿನ ಸಂಭ್ರಮ, ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್, ಇವುಗಳಲ್ಲಿ ಕಳೆದ ಹೊತ್ತನ್ನು ಸೇರಿಸಬೇಕೆಂದು ಫುಟ್‌ಬಾಲ್ ನಿಯಮಪುಸ್ತಕದ ಏಳನೇ ನಿಯಮ ಈಗಲೂ ಹೇಳುತ್ತದೆ. ಗಡಿಯಾರ ಇಷ್ಟಕ್ಕೆ ಮಾತ್ರ ನಿಲ್ಲಲಿ. ಥ್ರೋ-ಇನ್, ಗೋಲ್ ಕಿಕ್ಕನ್ನು ಬೆರಳೆಣಿಕೆ ನೋಡಿಕೊಳ್ಳಲಿ. ಸ್ವಿಚ್ ರೆಫರಿಯ ಕೈಯಲ್ಲಿ ಬೇಡ, ಪ್ರತ್ಯೇಕ ಟೈಮ್‌ಕೀಪರ್ ಕೈಯಲ್ಲಿರಲಿ, ಉಳಿದ ಹೊತ್ತು ದೊಡ್ಡ ಪರದೆಯ ಮೇಲೆ ಕಾಣಲಿ. 2022ರ ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್–ಇರಾನ್ ಪಂದ್ಯದ ಮೊದಲಾರ್ಧಕ್ಕೆ 14 ನಿಮಿಷ ಸೇರಿಸಿದಾಗ ಜನ ಹುಬ್ಬೇರಿಸಿದರು. ಇರಾನಿನ ಗೋಲ್‌ಕೀಪರ್‌ಗೆ ತಲೆಗೆ ಪೆಟ್ಟಾಗಿ ಆಟ ತುಂಬ ಹೊತ್ತು ನಿಂತಿತ್ತು, ಲೆಕ್ಕವೇನೋ ನ್ಯಾಯವೇ. ಆ ಲೆಕ್ಕ ಯಾರ ಕಣ್ಣಿಗೂ ಬೀಳದಂತೆ ನಡೆದದ್ದೇ ತಕರಾರಿಗೆ ಎಡೆಯಾಯಿತು.

ಕಣ್ಣಿಗೆ ಕಾಣದ ನಿರ್ಧಾರ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ಬೆಂಗಳೂರೇ ನೋಡಿದೆ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡಲಾಗಿ ಸಾಲುನಿಂತು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಹಾಕಿದರು, ರೆಫರಿ ಒಪ್ಪಿದರು. ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಆಮೇಲೆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್ ಇವಾನ್ ವುಕೊಮಾನೊವಿಚ್ ಅವರಿಗೆ 10 ಪಂದ್ಯಗಳ ನಿಷೇಧ. ನಿಯಮದಲ್ಲಿ ತಟ್ಟನೆ ಫ್ರೀ ಕಿಕ್ ಹೊಡೆಯಲು ಅವಕಾಶವಿದೆ. ಆದರೆ ಸೀಟಿಗೆ ಕಾಯಬೇಕೋ ಬೇಡವೋ ಅನ್ನುವುದು ಎದುರಾಳಿಗೆ ತಿಳಿಯುವುದು ಹೇಗೆ? ಇದಕ್ಕೆ ಸುಲಭ ಪರಿಹಾರವಿದೆ. ರೆಫರಿ ನೊರೆಯ ಸ್ಪ್ರೇ ತೆಗೆದರೆ, ಇಲ್ಲವೇ ಗೋಡೆ ನಿಲ್ಲಬೇಕಾದ 9.15 ಮೀಟರ್ ದೂರ ಅಳೆಯಲು ಹೊರಟರೆ ಸೀಟಿ ಕಡ್ಡಾಯ. ಹಾಗೆ ಮಾಡುವವರೆಗೆ ಯಾವ ಕ್ಷಣದಲ್ಲಾದರೂ ಕಿಕ್ ಬರಬಹುದು. ನಡುವೆ ಮೂರನೆಯದಿಲ್ಲ.

ಲೆಕ್ಕ ಹಾಕಿಯೇ ಮಾಡುವ ಫೌಲ್‌ಗಳದ್ದು ಇನ್ನೊಂದು ಬಗೆ. ಯೂರೊ 2020ರ ಫೈನಲ್ ಆಡಿದ್ದು 2021ರ ಜುಲೈನಲ್ಲಿ, ವೆಂಬ್ಲಿಯಲ್ಲಿ. 90 ನಿಮಿಷ ಮುಗಿದ ಮೇಲೆ ಅಂಚಿನಲ್ಲಿ ನುಸುಳಿ ಓಡಲಿದ್ದ ಇಂಗ್ಲೆಂಡಿನ ಸಾಕಾನನ್ನು ಇಟಲಿಯ ಕಿಯೆಲ್ಲಿನಿ ಹಿಂದಿನಿಂದ ಅಂಗಿಯ ಕೊರಳಪಟ್ಟಿಗೇ ಕೈಹಾಕಿ ಎಳೆದರು. ಹಳದಿ ಕಾರ್ಡ್ ಬಂತು, ದಾಳಿ ಅಲ್ಲಿಗೆ ಸತ್ತಿತು, ಕೊನೆಗೆ ಕಪ್ ಇಟಲಿಗೆ. ಹಳದಿ ಕಡಿಮೆಯಾಯಿತು, ಕೆಂಪು ಹೆಚ್ಚಾಗುತ್ತದೆ. ಹತ್ತು ನಿಮಿಷ ಹೊರಗೆ ಕೂರಿಸುವ ಸಿನ್ ಬಿನ್ ಇಂಥದ್ದಕ್ಕೇ ಹೇಳಿಮಾಡಿಸಿದ್ದು. 2024ರ ಆರಂಭದಲ್ಲಿ, ಸಿನ್ ಬಿನ್‌ಗೆ ಕಳಿಸಲು ತೋರಿಸುವ ನೀಲಿ ಕಾರ್ಡಿನ ಸುದ್ದಿ ಹಬ್ಬಿದಾಗ ಫಿಫಾ ಅಧ್ಯಕ್ಷ ಇನ್ಫಾಂಟಿನೊ ಉನ್ನತ ಮಟ್ಟದ ಆಟಕ್ಕೆ ಅದು ಬೇಡವೇ ಬೇಡ ಅಂದರು. ಒಂದು ಅಪಾಯ ಇರುವುದು ನಿಜ. ಹತ್ತೇ ಜನ ಉಳಿದ ತಂಡ ಬಾಕ್ಸ್ ಮುಂದೆ ಗುಂಪಾಗಿ ನಿಂತು, ಮಾತುಮಾತಿಗೆ ನೆಲಕ್ಕೆ ಬಿದ್ದು ಆ ಹತ್ತು ನಿಮಿಷವನ್ನೇ ಉರುಳಿಸಿಬಿಡುತ್ತದೆ. ಹಾಗಾಗಿ ನಿಲ್ಲುವ ಗಡಿಯಾರ ಮೊದಲು ಬರಬೇಕು, ಸಿನ್ ಬಿನ್ ಆಮೇಲೆ.

ನಮ್ಮ ಲೀಗ್‌ನ ರಚನೆಯ ಬಗ್ಗೆ ಒಂದೇ ಮಾತು. ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಐ-ಲೀಗ್ ಗೆದ್ದ ಪಂಜಾಬ್, ಆಮೇಲೆ ಮೊಹಮ್ಮಡನ್ ಐಎಸ್‌ಎಲ್‌ಗೆ ಏರಿದವು. 2024-25ರಿಂದ ಹಿಂಬಡ್ತಿಯೂ ಇರುತ್ತದೆ ಅಂತ ಭಾರತೀಯ ಫುಟ್‌ಬಾಲ್‌ನ 2019ರ ಮಾರ್ಗಸೂಚಿ ಹೇಳಿತ್ತು. ಆ ಸಾಲಿನಲ್ಲಿ ಕೊನೆಗೆ ನಿಂತದ್ದು ಮೊಹಮ್ಮಡನ್. ಹಾಗಿದ್ದೂ ಅದು ಕೆಳಗಿಳಿಯಲಿಲ್ಲ. ನೇರವಾಗಿ ಇಳಿಸಿದರೆ ಹೂಡಿಕೆದಾರರು ಓಡಿಹೋಗುತ್ತಾರೆ ಅನ್ನುವ ಭಯವಿದ್ದರೆ ಜರ್ಮನಿಯ ದಾರಿ ಇದೆ. ಅಲ್ಲಿ ಬುಂಡೆಸ್‌ಲೀಗಾದ 16ನೇ ತಂಡ ಎರಡನೇ ದರ್ಜೆಯ ಮೂರನೇ ತಂಡದೊಂದಿಗೆ ಎರಡು ಪಂದ್ಯ ಆಡಿ ಜಾಗ ಉಳಿಸಿಕೊಳ್ಳಬೇಕು. ನಮ್ಮಲ್ಲೂ ಕೊನೆಯ ಒಂದು ತಂಡಕ್ಕಾದರೂ ಇದನ್ನು ತಂದರೆ, ಫೆಬ್ರವರಿ ಹೊತ್ತಿಗೇ ಉಸಿರು ಬಿಡುವ ಪಂದ್ಯಗಳಿಗೆ ಜೀವ ಬರುತ್ತದೆ.

ಪ್ರಯೋಗಕ್ಕೆ ಫಿಫಾ, ಐಫ್ಯಾಬ್ ಇರುವ ಜ್ಯೂರಿಚ್ ಕಡೆ ನೋಡುತ್ತ ಕೂರಬೇಕಾಗಿಲ್ಲ. ಕಿರಿಯರ ಮತ್ತು ತಳಮಟ್ಟದ ಪಂದ್ಯಗಳಲ್ಲಿ ಸಿನ್ ಬಿನ್ ಬಳಸಲು ರಾಷ್ಟ್ರೀಯ ಫೆಡರೇಷನ್ನಿಗೆ ನಿಯಮವೇ ಅನುಮತಿ ಕೊಟ್ಟಿದೆ. ಅವಧಿ ಒಟ್ಟು ಆಟದ ನೂರಕ್ಕೆ 10ರಿಂದ 15 ಪಾಲು. 80 ನಿಮಿಷದ ಪಂದ್ಯವಾದರೆ ಎಂಟು ನಿಮಿಷ. ಆಟಗಾರ ಹೊರಗೆ ಹೋಗಿ ಆಟ ಮತ್ತೆ ಶುರುವಾದ ಮೇಲೆಯೇ ಎಣಿಕೆ ಆರಂಭ, ನಡುವೆ ಯಾರಾದರೂ ಗಾಯಗೊಂಡು ಹೊತ್ತು ಹೋದರೆ ಅದನ್ನೂ ಸೇರಿಸಿಕೊಳ್ಳಬೇಕು. ಫೆಡರೇಷನ್ ಒಪ್ಪಿದರೆ ಬೆಂಗಳೂರಿನ ಕಿರಿಯರ ಲೀಗ್‌ಗಳಲ್ಲಿ ಇದಕ್ಕೆ ಬೇಕಾಗುವುದು ಗೆರೆಯಾಚೆ ಒಂದು ಕುರ್ಚಿ, ಒಂದು ಸ್ಟಾಪ್‌ವಾಚ್, ಅದನ್ನು ಹಿಡಿದು ಕೂರುವ ಒಬ್ಬ ವ್ಯಕ್ತಿ.