ಘಟ್ಟ ಇಳಿಯೋ ಮುಂಚೆ ಹುಬ್ಬಳ್ಳಿಯಲ್ಲೇ ಚೀಲ ತುಂಬಿಸಿ

ನಮಸ್ಕಾರ ರೀ ಎಲ್ಲರಿಗೂ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಗೋಕರ್ಣದಲ್ಲಿ ಅಂಗಡಿಗಳೇ ಇಲ್ವಾ? ಹುಬ್ಬಳ್ಳಿಯಿಂದ ಅರ್ಧ ಮನೆ ಹೊತ್ಕೊಂಡು ಹೋಗ್ತೀರಲ್ಲ!" ಅದಕ್ಕೆ ಲೈಕ್ ಬೇರೆ ಬಿದ್ದಿವೆ. ಓದಿ ರಾತ್ರಿಯೆಲ್ಲ ತಲೆಯಲ್ಲಿ ಅದೇ. ಸರಿ, ಇವತ್ತು ಇದೊಂದೇ ಮಾತು. ಕ್ಯಾಂಪರ್‌ವ್ಯಾನ್, ಅಂದ್ರೆ ಒಳಗೇ ಅಡುಗೆ ಮಾಡಿ ಮಲಗೋ ಗಾಡಿ, ತಗೊಂಡು ಸಮುದ್ರದ ಕಡೆ ಹೊರಟವರು ಸಾಮಾನು ಹುಬ್ಬಳ್ಳಿಯಲ್ಲೇ ತುಂಬಿಸಬೇಕು. ಹಿಂದಿನ ದಿನವೇ ತುಂಬಿಸಬೇಕು.

ಯಾಕೆ ಅಂದ್ರೆ, ನಾನೂ ಒಮ್ಮೆ "ಎಲ್ಲಾ ಅಲ್ಲೇ ಸಿಗುತ್ತೆ ಬಿಡು" ಅನ್ನೋ ಮಾತು ನಂಬಿದ್ದೆ. ದೀಪಾವಳಿ ರಜೆ. ಕುಮಟಾ ದಾಟಿ ಒಂದು ಬೀಚಿನ ಹತ್ತಿರ ಗಾಡಿ ನಿಲ್ಲಿಸಿದಾಗ ರಾತ್ರಿ ಒಂಬತ್ತೂವರೆ. ಬೇಳೆ ಅರ್ಧ ಬೆಂದಿತ್ತು, ಒಲೆ ಪುಸಕ್ ಅಂತ ಆರಿಹೋಯಿತು. ಗ್ಯಾಸ್ ಖಾಲಿ. ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಕ್ಕಳು ಬಿಸ್ಕೆಟ್ ತಿಂದು ಮಲಗಿದರು. ಮರುದಿನ ಸಿಲಿಂಡರ್ ಹುಡುಕುವುದರಲ್ಲೇ ಮಧ್ಯಾಹ್ನ ಆಯಿತು. ಸಮುದ್ರ ನೋಡೋಕೆ ಹೋದವರು ನಾವು, ಅರ್ಧ ದಿನ ನೋಡಿದ್ದು ಗ್ಯಾಸ್ ಅಂಗಡಿ!

ಅದಕ್ಕೇ ಮೊದಲು ಗ್ಯಾಸ್. ಮನೆಯ 14.2 ಕೆಜಿ ಸಿಲಿಂಡರ್ ಎತ್ತಿ ಗಾಡಿಗೆ ಹಾಕಬೇಡಿ, ದಯವಿಟ್ಟು. 5 ಕೆಜಿಯ ಸಣ್ಣ ಸಿಲಿಂಡರ್ ಬರುತ್ತದೆ. ಗ್ಯಾಸ್ ಏಜೆನ್ಸಿಯಲ್ಲಿ ಗುರುತಿನ ಚೀಟಿ ತೋರಿಸಿದರೆ ಸಿಗುತ್ತೆ. ರೆಗ್ಯುಲೇಟರ್ ಇಲ್ಲೇ ಹಾಕಿ, ಸೋಪಿನ ನೀರು ಸವರಿ, ಗುಳ್ಳೆ ಏಳುತ್ತಾ ನೋಡಿ, ಒಮ್ಮೆ ಚಹಾ ಕಾಸಿಯೇ ಹೊರಡಿ. ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ಗಾಡಿಯ ನೆಲದಲ್ಲೇ ಕೂರುತ್ತೆ. ಮುಚ್ಚಿದ ವ್ಯಾನಿನೊಳಗೆ ಮಕ್ಕಳನ್ನು ಮಲಗಿಸಿಕೊಂಡವರಿಗೆ ಇದು ಸಣ್ಣ ಮಾತಲ್ಲ.

ಇನ್ನು ರೊಟ್ಟಿ. ಕರಾವಳಿಯಲ್ಲಿ ಗಂಜಿ ಸಿಗುತ್ತೆ, ಕುಚ್ಚಲಕ್ಕಿ ಸಿಗುತ್ತೆ. ನಮ್ಮ ಜೋಳದ ಖಡಕ್ ರೊಟ್ಟಿಗೆ ಅಲ್ಲಿ ಹುಡುಕಾಡಬೇಕು. ನಾನು ರೊಟ್ಟಿ ತಗೊಳ್ಳೋ ಅಕ್ಕ ಇದ್ದಾರೆ, ಹುಬ್ಬಳ್ಳಿ ಪೇಟೆಯ ದುರ್ಗದ ಬೈಲ್ ಹತ್ತಿರ. 20 ರೊಟ್ಟಿಯ ಕಟ್ಟು ಎತ್ತಿ ಒಂದೊಂದನ್ನೇ ಬೆರಳಿನಿಂದ ತಟ್ಟುತ್ತಾರೆ. ಟಕ್ ಅಂತ ಸಪ್ಪಳ ಬಂದರೆ ಪೂರ್ತಿ ಒಣಗಿದೆ. ನಡುವೆ ಸ್ವಲ್ಪ ಬಾಗಿದರೂ ತೆಗೆದು ಬದಿಗಿಡುತ್ತಾರೆ. "ಇದು ಇವತ್ತ ತಿನ್ನೂದ್ರೀ, ಸಮುದ್ರಕ್ಕ ಒಯ್ಯಬ್ಯಾಡ್ರಿ" ಅಂತಾರೆ. ಎಷ್ಟು ಸರಿಯಾದ ಮಾತು! ಅಲ್ಲಿನ ಗಾಳಿಗೆ ಒಂದೇ ದಿನದಲ್ಲಿ ರೊಟ್ಟಿ ಮೆತ್ತಗಾಗುತ್ತೆ, ಉಪ್ಪು ನೀರು ಬಿಡುತ್ತೆ, ಕಡ್ಡಿಪೆಟ್ಟಿಗೆ ಹತ್ತಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಒಂದಿಷ್ಟು ಗಟ್ಟಿ ಮೊಸರು. ಇಷ್ಟಿದ್ದರೆ ಗ್ಯಾಸ್ ಖಾಲಿಯಾದ ರಾತ್ರಿಯೂ ಊಟ ಆಗುತ್ತೆ ಅಲ್ವಾ?

"ಮೊಬೈಲಲ್ಲಿ ಆರ್ಡರ್ ಮಾಡ್ತೀವಿ, ಹತ್ತು ನಿಮಿಷಕ್ಕೆ ಬರುತ್ತೆ" ಅಂತ ಇನ್ನೊಬ್ಬರು. ಏನ್ರೀ ಇದು? ಕಲಘಟಗಿ ಆಯಿತು, ಯಲ್ಲಾಪುರ ಆಯಿತು, ಅಲ್ಲಿಂದ ಅಂಕೋಲಾದವರೆಗೆ ದಾರಿಯುದ್ದಕ್ಕೂ ಕಾಡು. ಅರಬೈಲ್ ಘಟ್ಟದ ತಿರುವಿನಲ್ಲಿ ಯಾರು ತಂದುಕೊಡ್ತಾರೆ ನಿಮಗೆ? 2021ರ ಜುಲೈ ಮಳೆಯಲ್ಲಿ ಆ ಘಟ್ಟದಲ್ಲೇ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಬಂತು, ಜನ ಸತ್ತರು. ಮಳೆಗಾಲದಲ್ಲಿ ಹೋಗಲೇಬೇಡಿ ಅಂತ ನಾನು ಪ್ರತಿ ವಿಡಿಯೋದಲ್ಲೂ ಹೇಳುತ್ತೇನೆ. ಬೇರೆ ಕಾಲದಲ್ಲೂ ಒಂದು ಲಾರಿ ಅಡ್ಡ ಬಿದ್ದರೆ ಸಾಕು, ತಾಸುಗಟ್ಟಲೆ ನಿಂತಲ್ಲೇ ನಿಲ್ಲಬೇಕು. ಆಗ ಗಾಡಿಯಲ್ಲಿ 20 ಲೀಟರ್ ನೀರಿನ ಕ್ಯಾನ್ ಇದ್ದವನೇ ಜಾಣ. ಇದೇ ಹೇಳ್ತಿರೋದು ನಾನು, ಹುಬ್ಬಳ್ಳಿಯಲ್ಲೇ ತುಂಬಿಸಿ!

"ಅಲ್ಲಿನ ಜನಕ್ಕೂ ವ್ಯಾಪಾರ ಆಗಬೇಕಲ್ಲ" ಅನ್ನೋರಿಗೆ ಒಂದು ಮಾತು. ಆಗಲಿ, ಯಾರು ಬೇಡ ಅಂದ್ರು? ಮೀನು ಅಲ್ಲೇ ತಗೊಳ್ಳಿ. ತೆಂಗಿನಕಾಯಿ, ಕೋಕಂ ಅಲ್ಲೇ ತಗೊಳ್ಳಿ. ಉಳ್ಳಾಗಡ್ಡಿಯನ್ನಂತೂ ಬೇಸಿಗೆಯಲ್ಲಿ ಇಲ್ಲಿಂದ ಒಯ್ಯಲೇಬೇಡಿ. ಕುಮಟಾದ ಸಿಹಿ ಉಳ್ಳಾಗಡ್ಡಿ ಜಡೆ ಹೆಣೆದು ರಸ್ತೆ ಬದಿಯಲ್ಲೇ ತೂಗುಹಾಕಿರುತ್ತಾರೆ. ಹಸಿಯಾಗಿಯೇ ರೊಟ್ಟಿ ಜೊತೆ ಕಚ್ಚಿ ತಿನ್ನಿ, ಆಮೇಲೆ ನನಗೆ ಬರೆಯಿರಿ. ಆದರೆ ಆ ಮೀನಿನ ಸಾರು ಕೆಂಪಗಾಗೋದು ಯಾವ ಮೆಣಸಿನಕಾಯಿಯಿಂದ? ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ! ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ, ಅಂದ್ರೆ ಇದು ಇದೇ ಸೀಮೆಯ ಬೆಳೆ ಅನ್ನೋ ಸರ್ಕಾರಿ ಗುರುತು. ಮನೆಬಾಗಿಲಲ್ಲಿ ಬೆಳೆಯೋದನ್ನು ಬಿಟ್ಟು ಬೀಚಿನ ಅಂಗಡಿಯಲ್ಲಿ ಎಂದೋ ಪುಡಿ ಮಾಡಿದ ಪ್ಯಾಕೆಟ್ ಕೊಳ್ಳೋದು ಯಾಕೆ? ನನಗಂತೂ ಹೊಟ್ಟೆ ಉರಿಯುತ್ತೆ.

ಹಾಂ, ನಾನು ಒಯ್ಯೋ ಸಾಮಾನಿನ ಪೂರ್ತಿ ಚೀಟಿ ಕೆಳಗೆ ಹಾಕಿದ್ದೇನೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯವರಿಗೂ ಮಾಡಿಸಿ. ಮುಂದಿನ ವಾರ ವ್ಯಾನಿನೊಳಗೆ ಡಬ್ಬಿ ಅಲುಗಾಡದ ಹಾಗೆ ಜೋಡಿಸೋದು ತೋರಿಸುತ್ತೇನೆ.

ಮತ್ತೆ ಕೇಳ್ತೀರಿ, ಅಂಕೋಲಾದಲ್ಲಿ ಕಿರಾಣಿ ಅಂಗಡಿ ಇಲ್ವಾ ಅಂತ. ಇದೆ! ದೊಡ್ಡದೇ ಇದೆ! ಆದರೂ ಹುಬ್ಬಳ್ಳಿಯಲ್ಲೇ ತಗೊಳ್ಳಿ. ಧಾರವಾಡದವರಾದರೆ ಪೇಡಾ ಒಂದು ಕೆಜಿ ಜಾಸ್ತಿ ಕಟ್ಟಿಸಿ, ಗಾಡಿ ನಿಲ್ಲಿಸೋಕೆ ಅಂಗಳ ಕೊಟ್ಟವರ ಮನೆಗೆ ಕೊಡೋಕೆ ಬೇಕು. ನಾನು ನಾಳೆ ಬೆಳಿಗ್ಗೆಯೇ ದುರ್ಗದ ಬೈಲ್‌ಗೆ ಹೋಗುತ್ತೇನೆ. ಅಕ್ಕನಿಗೆ 60 ರೊಟ್ಟಿ ಹೇಳಿಟ್ಟಿದ್ದೇನೆ. ಬರೋರು ಬನ್ನಿ, ಚೀಲ ಮಾತ್ರ ನೀವೇ ತನ್ನಿ.